ಮುದಗಲ್ಲಿನ ಕೋಟೆ: ಶಿಲೆಯ ಸಾಕ್ಷ್ಯವೂ ಚರಿತ್ರಕಾರನ ವಾಕ್ಯವೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಎಡೆ ಎಂದರೆ ನಡು, ತೊರೆ ಎಂದರೆ ನದಿ. ಎರಡು ತೊರೆಗಳ ನಡುವೆ ಇರುವ ನಾಡೆಂಬ ಅರ್ಥವು ಸ್ಪಷ್ಟವಾಗಿದೆ. ಈ ನಾಡಿನ ಸ್ವಾಮ್ಯಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ರಾಯರೂ, ಅನಂತರ ವಿಜಾಪುರದ ಆದಿಲ್‌ಶಾಹಿಗಳೂ ರಾಯರೂ, ಇನ್ನೂರು ವರ್ಷಗಳ ಕಾಲ ಹೋರಾಡಿದರೆಂಬುದು ಸರ್ವವಿದಿತವಾದ ಸಂಗತಿ. ಆ ಹೋರಾಟದಲ್ಲಿ ಎರಡು ಕೋಟೆಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ: ಒಂದು ರಾಯಚೂರು, ಇನ್ನೊಂದು ಲಿಂಗಸುಗೂರಿಗೆ ಸುಮಾರು ಹತ್ತು ಮೈಲಿ ದೂರದಲ್ಲಿರುವ ಮುದಗಲ್ಲು. ರಾಯಚೂರಿನ ಕೋಟೆಯ ವಿಷಯವಾಗಿ ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಮುದಗಲ್ಲಿನ ಕೋಟೆಯಾದರೋ ಕನ್ನಡಿಗರಿಗೆ ಹೆಚ್ಚಾಗಿ ಒಂದು ಕಥೆಯ ಮೂಲಕವೇ ಪರಿಚಿತವಾಗಿದೆ. ಆ ಕಥೆಯನ್ನು ಹೇಳಿದವನು ಪಾರಸೀಕ ಚರಿತ್ರಕಾರನಾದ ಫೆರಿಷ್ತಾ.

ಕೋಟೆಯ ಗೋಡೆಯೂ ಒಂದು ಗ್ರಂಥವೇ. ಚರಿತ್ರಕಾರನ ವಾಕ್ಯವನ್ನು ಕಟ್ಟಡದ ಸಾಕ್ಷ್ಯದೊಡನೆ ಇಟ್ಟು ನೋಡಿದಲ್ಲಿ ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ಪ್ರಮಾಣವೆಂದು ನಿಶ್ಚಯಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಎಣಿಸುವರಷ್ಟೆ. ಶಿಲೆಯು ಪ್ರತ್ಯಕ್ಷ, ಫೆರಿಷ್ತಾನ ಬರೆಹವು ಶಬ್ದ. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು, ಎಂದರೆ ಹೇಳುವ ಸಂಗತಿಯನ್ನು ಬಲ್ಲವನಾಗಿರಬೇಕು.

ಮೊದಲು ಸ್ಥಳದ ವಿಚಾರ. ಕೌಟಿಲ್ಯನು ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನದುರ್ಗ ಎಂದು ನಾಲ್ಕಾಗಿ ವಿಭಾಗಿಸಿದ್ದಾನೆ. ಮನುವು ಆರು ಬಗೆಗಳನ್ನು ಹೇಳಿ ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆನ್ನುತ್ತಾನೆ. ಈ ಶಾಸ್ತ್ರಭಾಗವನ್ನು ಪಾಠ ಹೇಳುವ ಉಪಾಧ್ಯಾಯರು ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ಲಿಂಗಸುಗೂರಿಗೆ ಉತ್ತರದಲ್ಲಿ ಕೃಷ್ಣೆಯು ಕವಲೊಡೆದು ಬಳಸಿರುವ ನಡುಗಡ್ಡೆಯ ಮೇಲೆ ಜಲದುರ್ಗವೆಂಬ ಕೋಟೆಯಿದೆ. ಇದು ಔದಕಕ್ಕೆ ಹೆಸರಿನಿಂದಲೇ ನಿದರ್ಶನ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಯಲ್ಲಿ ಒಂದು ಗುಡ್ಡಕ್ಕೆ ದುರ್ಗದ ಗುಡ್ಡವೆಂದೇ ಹೆಸರು. ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬವನು 1915ರಲ್ಲಿ ಅಶೋಕನ ಶಾಸನವನ್ನು ಕಂಡದ್ದು ಇಲ್ಲಿಯೇ. 'ದೇವಾನಾಂಪ್ರಿಯ'ನೆಂಬ ಬಿರುದಿನೊಡನೆ 'ಅಶೋಕ'ನೆಂಬ ಹೆಸರು ಮೊಟ್ಟಮೊದಲು ದೊರೆತದ್ದು ಈ ಶಾಸನದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜೇಂದ್ರನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧ ನಡೆದ ಮುಶಂಗಿಯೂ ಮಸ್ಕಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಸಿಂಧನೂರಿನ ಸೀಮೆಯಾದರೋ ಬಹುಮಟ್ಟಿಗೆ ಎರೆಯ ಬಯಲು. ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ನಡೆದ ಸೈನ್ಯಕ್ಕೆ ಈ ಬಯಲಿನಲ್ಲಿ ನೈಸರ್ಗಿಕವಾದ ಅಡ್ಡಿಯಿಲ್ಲ. ತಡೆಯುವ ಬಂಡೆಗುಡ್ಡಗಳು ಮಸ್ಕಿ ಮುದಗಲ್ಲುಗಳ ಕಡೆಯಲ್ಲಿವೆ. ಇದರ ಮೇಲೆ ಹಟ್ಟಿ ಮೊದಲಾದೆಡೆಗಳಲ್ಲಿ ಪ್ರಾಚೀನರು ತೋಡಿದ ಚಿನ್ನದ ಗಣಿಗಳಿವೆ. ಬಯಲಿನ ಬೆಳೆ, ಗುಡ್ಡದ ಚಿನ್ನ, ಎರಡು ನದಿಗಳ ಕಡಹುಗಳು: ಈ ಮೂರನ್ನು ಕಾಯುವವನಿಗೆ ಮುದಗಲ್ಲು ಬೇಕಾಗಿತ್ತು. ಎರಡು ಶತಮಾನಗಳ ಯುದ್ಧಕ್ಕೆ ಇಷ್ಟೇ ಕಾರಣವು ಸಾಕು.

ಊರಿನ ಹೆಸರನ್ನು ಮುದ್ಗಲ ಋಷಿಗೆ ಸಂಬಂಧಿಸಿ ಹೇಳುವ ವಾಡಿಕೆಯುಂಟು. ಆದರೆ 'ಮುದು' ಎಂಬುದರ ಮುಂದೆ 'ಕಲ್' ಬಂದಾಗ ಕಕಾರಕ್ಕೆ ಗಕಾರವು ಆದೇಶವಾಗಿ 'ಮುದುಗಲ್' ಎಂದಾಗುವುದು ಕನ್ನಡ ವ್ಯಾಕರಣಕ್ಕೆ ಸಹಜವಾದ ರೂಪ. ಹಳೆಯ ಕಲ್ಲು ಎಂಬ ಈ ಅರ್ಥವು ಸ್ಥಳಕ್ಕೂ ಒಪ್ಪುತ್ತದೆ. ಋಷಿಯ ಸಂಬಂಧವು ಸಂಸ್ಕೃತದ ನಾದಸಾಮ್ಯದಿಂದ ಅನಂತರ ಹುಟ್ಟಿರಬೇಕೆಂದು ನಮ್ಮ ಊಹೆ.

ಇನ್ನು ಕೋಟೆಯ ರಚನೆ. ಹೊರಕೋಟೆಯು ಸುಮಾರು ಅರ್ಧ ಚದರ ಮೈಲಿಯಷ್ಟು ನೆಲವನ್ನು ಸುತ್ತುವರಿದಿದೆ. ಅದರ ಹೊರಗೆ ನೀರು ತುಂಬುವ ಅಗಳು; ಹಲವು ಕಡೆ ಅದರ ಅಗಲವು 50 ಗಜದಷ್ಟಿದೆ. ಅಗಳಿನಿಂದ ಒಳಕ್ಕೆ ಒಂದು ಸಾಲು ಕೊತ್ತಳಗಳು. ಅದರ ಹಿಂದೆ ಕಾವಲಿನವರು ಓಡಾಡುವ ಇಕ್ಕಟ್ಟಾದ ಮರೆಯ ದಾರಿ. ಅದಕ್ಕೂ ಒಳಗೆ ಇನ್ನೊಂದು ಸಾಲು, ಮೊದಲಿನವಕ್ಕಿಂತ ಭಾರಿಯಾದ ಬುರುಜುಗಳು. ಉತ್ತರಕ್ಕೆ ಮುಖಮಾಡಿರುವ ಹೆಬ್ಬಾಗಿಲಿಗೆ ಫತೇ ದರವಾಜೆ ಎಂದು ಹೆಸರು. ಇದರ ಎದುರಿಗೆ ಒಂದು ಮಹಾ ಬುರುಜನ್ನೂ ಅದರ ಎರಡು ಪಕ್ಕಗಳಲ್ಲಿ ಅಡ್ಡಗೋಡೆಗಳನ್ನೂ ಕಟ್ಟಿರುವುದರಿಂದ ಹೊರಗಿನಿಂದ ಬರುವವನಿಗೆ ಬಾಗಿಲು ನೇರವಾಗಿ ಕಾಣುವುದಿಲ್ಲ. ಅವನು ತಿರುಗಿ ನಡೆಯಬೇಕು, ತಿರುಗುವಾಗ ಮೇಲಿನವರಿಗೆ ಗುರಿಯಾಗಬೇಕು. ಪಶ್ಚಿಮದ ಹೆಬ್ಬಾಗಿಲಿಗೂ ಇಂಥದೇ ಮರೆಬುರುಜುಂಟು. ಅಲ್ಲಿ ಒಂದರ ಹಿಂದೊಂದರಂತೆ ಮೂರು ಬಾಗಿಲುಗಳು. ಒಳಗೆ ಕಾವಲುಗಾರರ ವಿಶಾಲವಾದ ಸಾಲೆ, ಅದರ ಸಮೀಪದಲ್ಲಿ ಒಂದು ಮಸೀದಿ; ಮಸೀದಿಯ ಕಂಬಗಳು ನಮ್ಮ ದೇವಾಲಯಗಳ ಕಂಬಗಳ ಮಾದರಿಯವು. ಇವೆಲ್ಲಕ್ಕೂ ಮೇಲೆ ಬಂಡೆಗುಡ್ಡದ ನೆತ್ತಿ. ಗುಡ್ಡದ ಮೇಲಣ ಇಂಥ ಒಳಕೋಟೆಯನ್ನು ದಖ್ಖನಿನಲ್ಲಿ ಬಾಲಾ ಹಿಸಾರ್ ಎಂದು ಕರೆಯುವುದು ರೂಢಿ.

ಈ ಕಟ್ಟಡವನ್ನು ಗಮನವಿಟ್ಟು ನೋಡಿದವರಿಗೆ ಎರಡು ಕೈಗಳ ಕೆಲಸವು ಗೋಚರವಾಗುತ್ತದೆ. ಪಶ್ಚಿಮದ ಬಾಗಿಲಿನ ಗೋಡೆಗಳು ಬೃಹತ್ತಾದ ಶಿಲೆಗಳಿಂದ ಆದವು. ಇಲ್ಲಿನ ಮೂಲವಿಧಾನವು ಕಂಬದ ಮೇಲೆ ತೊಲೆಯನ್ನಿಡುವುದು. ಈ ಜಾತಿಯ ಕೆಲಸಕ್ಕೆ ಕಾಲನಿರ್ಣಯವನ್ನು ಕೊಡುವುದು ರಾಯಚೂರಿನ ಒಳಕೋಟೆ. ಅಲ್ಲಿ ಗಾರೆಯ ಸಹಾಯವಿಲ್ಲದೆ ಹೊಂದಿಸಿದ ದೊಡ್ಡ ಕಲ್ಲುಗಳ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದವಾದ ಒಂದು ಶಿಲೆಯಿದೆ. ಅದರ ಮೇಲಿನ ತೆಲುಗು ಶಾಸನವು, ಕಾಕತೀಯರ ಸಾಮಂತನಾದ ಗೋರೆ ಗನ್ನಯ ರೆಡ್ಡಿಯ ದಂಡನಾಯಕನಾದ ವಿಠಲನಾಥನು ಕ್ರಿ. ಶ. 1294ರಲ್ಲಿ ಆ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತದೆ. ಆ ಶಿಲೆಯನ್ನು ಕೋಣಗಳ ಉದ್ದನೆಯ ಸಾಲನ್ನು ಹೂಡಿದ ಬಂಡಿಯಲ್ಲಿ ಎಳೆದು ತಂದ ಬಗೆಯನ್ನೂ ಶಿಲ್ಪಿಯು ಗೋಡೆಯ ಮೇಲೆ ಚಿತ್ರಿಸಿದ್ದಾನೆ. ಮುದಗಲ್ಲಿನ ಬೃಹಚ್ಛಿಲೆಯ ಭಾಗಗಳು ಇದೇ ವಿಧಾನಕ್ಕೆ ಸೇರಿದವು. ಇದನ್ನು ನಾವು ಮೂಲಪಾಠವೆನ್ನೋಣ.

ಇದರ ಮೇಲೆ ಎರಡನೆಯ ಕೈ ಬಂದಿದೆ. ಗೋಡೆಯ ಕೆಳಗಣ ವರಸೆಗಳು ಹಳೆಯ ರೀತಿಯವಾಗಿದ್ದು ಮೇಲಣ ತೆನೆಗಳು ಕಮಾನಿನ ಆಕಾರದವಾಗಿರುವುದನ್ನು ಅನೇಕ ಕಡೆ ಕಾಣಬಹುದು. ಪಶ್ಚಿಮದ ಬಾಗಿಲಿನಲ್ಲಿ ಹಳೆಯ ತೊಲೆಗಳು ಬಿರುಕುಬಿಟ್ಟಾಗ ಅವುಗಳನ್ನು ಕಿತ್ತು ಬಿಸಾಡಲಿಲ್ಲ. ಆಧಾರಕ್ಕಾಗಿ ಕಮಾನಿನ ತೆರಪನ್ನು ಕಲ್ಲಿನಿಂದ ತುಂಬಿ ನಿಲ್ಲಿಸಿದ್ದಾರೆ. ಎರಡು ಸಾಲಿನ ಬುರುಜುಗಳೂ ಅಗಲವಾದ ಅಗಳೂ ಈ ಎರಡನೆಯ ಕೈಯ ಯೋಜನೆಗೆ ಸೇರಿದವು. ಬಿಲ್ಲು ಕವಣೆಗಳ ಕಾಲಕ್ಕೆ ಇಷ್ಟು ಬೇಕಾಗಿರಲಿಲ್ಲ. ಕೌಟಿಲ್ಯನು ವಿಧಿಸುವ ಮೂರು ಪರಿಖೆಗಳಲ್ಲಿ ಅತ್ಯಂತ ಅಗಲವಾದುದು 14 ದಂಡ, ಎಂದರೆ ಸುಮಾರು 84 ಅಡಿ. ಮುದಗಲ್ಲಿನ ಒಂದೇ ಅಗಳು ಕೆಲವೆಡೆ 150 ಅಡಿ. ಫಿರಂಗಿಗಳು ಬಂದ ಮೇಲೆ, ಅವುಗಳನ್ನು ಬುರುಜಿನ ಮೇಲಿಡಲೂ ಶತ್ರುವಿನ ಫಿರಂಗಿಗಳನ್ನು ಗೋಡೆಯಿಂದ ದೂರವಿಡಲೂ ಮಾಡಿದ ಪುನರ್ನಿರ್ಮಾಣವಿದು.

ಈಗ ಫೆರಿಷ್ತಾನ ವಾಕ್ಯವನ್ನು ನೋಡೋಣ. ಇವನ ಗ್ರಂಥದಲ್ಲಿ ಮುದಗಲ್ಲಿನ ಪ್ರಸಕ್ತಿಯು ಮುಖ್ಯವಾಗಿ ಎರಡು ಕಡೆ ಬರುತ್ತದೆ. ಮೊದಲನೆಯದು 1366ರ ಯುದ್ಧ. ಬಹಮನಿ ಮಹಮ್ಮದ್ ಷಾಹನು ಗಾಯಕರಿಗೆ ಕೊಡಬೇಕಾದ ಸಂಭಾವನೆಯನ್ನು ವಿಜಯನಗರದ ಬೊಕ್ಕಸದ ಮೇಲೆ ಹುಂಡಿಯಾಗಿ ಬರೆದುಕೊಟ್ಟನಂತೆ. ಅವಮಾನಿತನಾದ ಬುಕ್ಕರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದು ಕಾವಲುಪಡೆಯನ್ನು ಸಂಹರಿಸಿದನಂತೆ. ಒಬ್ಬನು ಮಾತ್ರ ಉಳಿದು ಸುದ್ದಿಯನ್ನು ಸುಲ್ತಾನನಿಗೆ ಮುಟ್ಟಿಸಿದನಂತೆ. ಎರಡನೆಯದು 1406ರದು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ರೂಪವನ್ನು ಕಾಶಿಯಿಂದ ಮರಳಿದ ಬ್ರಾಹ್ಮಣನ ಬಾಯಿಂದ ಕೇಳಿ ಮೋಹಗೊಂಡ ಒಂದನೆಯ ದೇವರಾಯನು ಅವಳನ್ನು ತರಲು ಸೈನ್ಯವನ್ನು ಕಳುಹಿಸಿದನೆಂದೂ, ಅವರ ಕುಟುಂಬವು ಅಷ್ಟರಲ್ಲಿ ಊರು ಬಿಟ್ಟು ಓಡಿತ್ತೆಂದೂ, ಸೈನಿಕರು ಮಾಡಿದ ಸುಲಿಗೆಗೆ ಪ್ರತೀಕಾರವಾಗಿ ಫಿರೋಜ್ ಷಾಹನು ದಂಡೆತ್ತಿ ಬಂದನೆಂದೂ, ಕಡೆಗೆ ದೇವರಾಯನು ತನ್ನ ಮಗಳನ್ನು ಕೊಟ್ಟು ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂದೂ ಅವನು ಹೇಳುತ್ತಾನೆ. 1900ರಲ್ಲಿ ಸಿವೆಲ್ ಸಾಹೇಬರು ವಿಜಯನಗರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದಾಗ ಈ ಎರಡು ಕಥೆಗಳನ್ನೂ ವಿಸ್ತಾರವಾಗಿ ಎತ್ತಿಕೊಟ್ಟರು. ಅಲ್ಲಿಂದ ಅವು ನಮ್ಮ ಪಠ್ಯಪುಸ್ತಕಗಳಿಗೆ ಇಳಿದುಬಂದವು.

ಫೆರಿಷ್ತಾನು ಬರೆದುದು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ, ವಿಜಾಪುರದ ಎರಡನೆಯ ಇಬ್ರಾಹಿಮ್ ಆದಿಲ್‌ಶಾಹನ ಆಶ್ರಯದಲ್ಲಿ. ಬುಕ್ಕರಾಯನ ಯುದ್ಧಕ್ಕೂ ಅವನಿಗೂ ಇನ್ನೂರ ನಲವತ್ತು ವರ್ಷಗಳ ಅಂತರವಿದೆ. ಕಣ್ಣಾರೆ ಕಂಡವನು ಅವನಲ್ಲ. ಹೀಗಿರುವಲ್ಲಿ, 1366ರ ಯುದ್ಧದಲ್ಲಿ ಸುಲ್ತಾನನ ಬಳಿ ಫಿರಂಗಿಗಳ ದಳವೊಂದಿತ್ತೆಂದೂ ಅದನ್ನು ನಡೆಸುವವರಲ್ಲಿ ತುರ್ಕರೂ ಯೂರೋಪಿನವರೂ ಇದ್ದರೆಂದೂ ಅವನು ಬರೆಯುವುದನ್ನು ಹೇಗೆ ನಂಬುವುದು? ವಾಸ್ಕೋ ಡ ಗಾಮನ ಹಡಗುಗಳು ಮಲೆಯಾಳದ ತೀರವನ್ನು ಮುಟ್ಟಿದುದು 1498ರಲ್ಲಿ. ಮಹಮೂದ್ ಗವಾನನು 1472ರಲ್ಲಿ ಬೆಳಗಾವಿಯನ್ನು ಮುತ್ತಿದಾಗ ಸುರಂಗ ತೋಡಿ ಮದ್ದಿನಿಂದ ಗೋಡೆಯನ್ನೊಡೆಸಿದ ಉಪಾಯವನ್ನು ದಖ್ಖನಿನಲ್ಲಿ ಹೊಸದೆಂದು ಇದೇ ಫೆರಿಷ್ತಾನೇ ವರ್ಣಿಸುತ್ತಾನೆ. ತನ್ನ ಕಾಲದ ಯುದ್ಧರೀತಿಯನ್ನು ಹಿಂದಿನ ಕಾಲದ ಮೇಲೆ ಆರೋಪಿಸುವುದು ಪುರಾಣಕಾರರಿಗಷ್ಟೇ ಮೀಸಲಾದ ದೋಷವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಗೋಡೆಯು ಹೇಳುವ ಮಾತಿಗೆ ಬೆಂಬಲವಾಗಿ ಪೋರ್ಚುಗೀಸನಾದ ನ್ಯೂನಿಜನ ವೃತ್ತಾಂತವು ನಿಲ್ಲುತ್ತದೆ. ಇವನು ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ, ಘಟನೆಯ ನೆನಪು ಇನ್ನೂ ಹಸಿಯಾಗಿದ್ದಾಗ ಬರೆದವನು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದ ಸಂದರ್ಭದಲ್ಲಿ ಅವನು ಆ ಕೋಟೆಯನ್ನು ವರ್ಣಿಸುತ್ತ, ಸುಣ್ಣವಿಲ್ಲದೆ ಕಟ್ಟಿದ ಭಾರಿ ಕಲ್ಲಿನ ಮೂರು ಗೋಡೆಗಳಿದ್ದುವೆಂದೂ ಅವುಗಳ ಒಳಮೈಗೆ ಮಣ್ಣು ತುಂಬಿತ್ತೆಂದೂ ಹೇಳುತ್ತಾನೆ. ಇದು ನಮ್ಮ ಅರ್ಥಶಾಸ್ತ್ರದ ವಪ್ರವೇ ಸರಿ. ಪರಿಖೆಯಿಂದ ತೆಗೆದ ಮಣ್ಣನ್ನು ಆನೆ ಎತ್ತುಗಳಿಂದ ತುಳಿಸಿ ದಿಣ್ಣೆ ಮಾಡಿ ಅದರ ಮೇಲೆ ಪ್ರಾಕಾರವನ್ನು ಕಟ್ಟಬೇಕೆಂದು ಕೌಟಿಲ್ಯನ ವಿಧಿ. ಆ ಗೋಡೆಗಳ ಮೇಲೆ 200 ದೊಡ್ಡ ಫಿರಂಗಿಗಳಿದ್ದುವಂತೆ. ಆದರೂ ಕೋಟೆಯು ಬಿದ್ದ ಬಗೆ ಏನು? ರಾಯನ ಆಳುಗಳು ಹಾರೆ ಗುದ್ದಲಿಗಳನ್ನು ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಲ್ಲುಗಳನ್ನು ಕಿತ್ತರು. ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಅವರಿಗೆ ಹಣ ಸಲ್ಲುತ್ತಿತ್ತು. ಮೇಲಿನಿಂದ ತಡೆಯಲು ತಲೆಯೆತ್ತಿದವರನ್ನು ಕ್ರಿಸ್ತೋವಾವ್ ದ ಫಿಗೆರೇದೊ ಎಂಬವನೊಡನೆ ಬಂದ ಪೋರ್ಚುಗೀಸ್ ಬಂದೂಕುಗಾರರು ಹೊಡೆದುರುಳಿಸಿದರು. ಹಳೆಯ ಬಗೆಯ ಗೋಡೆಯ ಮೇಲೆ ಹೊಸ ಆಯುಧವನ್ನು ಇಟ್ಟಿದ್ದರೂ ಗೋಡೆಯ ಬುಡವನ್ನು ಕಾಯುವುದು ಸಾಧ್ಯವಾಗಲಿಲ್ಲ.

ಮುದಗಲ್ಲಿನ ಎರಡನೆಯ ಕೈಯ ಕೆಲಸವನ್ನು ಈ ಬೆಳಕಿನಲ್ಲಿ ನೋಡಬೇಕು. ಅಗಲವಾದ ಅಗಳಿನಿಂದ ಹಾರೆಯವನು ಗೋಡೆಯ ಬುಡಕ್ಕೆ ಬರಲಾರನು. ಮುಂಚಾಚಿದ ಬುರುಜುಗಳಿಂದ ನಡುವಣ ಗೋಡೆಯ ಬುಡಕ್ಕೆ ಪಕ್ಕದಿಂದ ಗುಂಡು ಹಾರಿಸಬಹುದು. ಹೊರಸಾಲು ಕೈಬಿಟ್ಟರೂ ಒಳಸಾಲು ಅದಕ್ಕಿಂತ ಎತ್ತರದಿಂದ ಹೋರಾಡಬಹುದು. ರಾಯಚೂರಿನಲ್ಲಿ ಆದ ಸೋಲಿಗೆ ಮುದಗಲ್ಲಿನಲ್ಲಿ ಕೊಟ್ಟ ಉತ್ತರದಂತೆ ಈ ಯೋಜನೆಯು ತೋರುತ್ತದೆ. ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡ ಮೇಲೆ 1530ರಲ್ಲಿ ಇಸ್ಮಾಯಿಲ್ ಆದಿಲ್‌ಶಾಹನು ಎರಡು ಕೋಟೆಗಳನ್ನೂ ಹಿಂದಕ್ಕೆ ಪಡೆದನು. 1552ರ ಸುಮಾರಿಗೆ ಅವು ರಾಮರಾಯನ ವಶವಾದುವು. 1565ರ ರಕ್ಕಸತಂಗಡಿಯ ಯುದ್ಧದ ಅನಂತರ ಮತ್ತೆ ವಿಜಾಪುರಕ್ಕೆ ಸೇರಿ, 1686ರಲ್ಲಿ ಔರಂಗಜೇಬನು ಆ ರಾಜ್ಯವನ್ನು ಕೊನೆಗಾಣಿಸುವವರೆಗೂ ಅಲ್ಲಿಯೇ ಇದ್ದುವು. ಆದುದರಿಂದ ಹೊಸ ಕೆಲಸದ ಬಹುಭಾಗವು 1530ರ ಈಚಿನದೆಂದೂ, ಅದರಲ್ಲಿ ಆದಿಲ್‌ಶಾಹಿಗಳ ಪಾಲೇ ಹೆಚ್ಚೆಂದೂ ನಮ್ಮ ಅನುಮಾನ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಗೋಡೆಯು ಈಚಿನದೆಂದ ಮಾತ್ರಕ್ಕೆ 1366ರಲ್ಲಿ ಫಿರಂಗಿಗಳೇ ಇರಲಿಲ್ಲವೆಂದು ಹೇಗೆ ಸಿದ್ಧಿಸುತ್ತದೆ? ಬಯಲಿನ ಕಾಳಗದಲ್ಲಿ ಅವುಗಳನ್ನು ಬಳಸಿರಬಾರದೇಕೆ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಗೋಡೆಯೊಂದರಿಂದಲೇ ನಿಷೇಧವು ಸಿದ್ಧಿಸದು. ಆದರೆ ಕೋಟೆಯೆಂಬುದು ಆಯುಧಕ್ಕೆ ಪ್ರತಿಯಾಗಿ ಹುಟ್ಟುವ ವಸ್ತು. ಫಿರಂಗಿಯು 1366ರಲ್ಲಿಯೇ ಈ ನಾಡಿನಲ್ಲಿ ಪ್ರಬಲವಾಗಿದ್ದಲ್ಲಿ, ನೂರೈವತ್ತು ವರ್ಷಗಳ ಮೇಲೆ 1520ರಲ್ಲಿಯೂ ರಾಯಚೂರಿನ ಗೋಡೆಯು ಸುಣ್ಣವಿಲ್ಲದ ಹಳೆಯ ಗೋಡೆಯಾಗಿಯೇ ಉಳಿದಿತ್ತೇಕೆ, ಕೃಷ್ಣದೇವರಾಯನಂಥ ಚಕ್ರವರ್ತಿಯು ಅದನ್ನು ಹಾರೆಗಳಿಂದ ಕೀಳಿಸಿದುದೇಕೆ ಎಂಬುದಕ್ಕೆ ಪೂರ್ವಪಕ್ಷಿಯು ಸಮಾಧಾನ ಹೇಳಬೇಕಾಗುತ್ತದೆ. ಆದ ಕಾರಣ ಈ ಒಂದು ಅಂಶದಲ್ಲಿ ಫೆರಿಷ್ತಾನ ವಾಕ್ಯವನ್ನು ಬಿಟ್ಟು ಶಿಲೆಯ ಸಾಕ್ಷ್ಯವನ್ನು ಹಿಡಿಯುವುದೇ ನ್ಯಾಯ.

ಪಶ್ಚಿಮದೇಶಗಳಲ್ಲಿಯೂ ಇದೇ ಕ್ರಮವು ನಡೆದಿರುವುದು ಗಮನಾರ್ಹವಾಗಿದೆ. ಇಟಲಿಯ ಸಾನ್ ಲಿಯೋ ಎಂಬಲ್ಲಿ ಕಡಿದಾದ ಬಂಡೆಯ ನೆತ್ತಿಯ ಮೇಲೆ ಮಧ್ಯಯುಗದ ಒಂದು ದುರ್ಗವಿದೆ. ಉರ್ಬಿನೋ ಸಂಸ್ಥಾನದ ಪ್ರಭುವಾದ ಫೆದೆರಿಗೋ ದ ಮೊಂತೆಫೆಲ್ತ್ರೋ ಎಂಬವನು ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಫ್ರಾಂಚೆಸ್ಕೋ ದಿ ಜಾರ್ಜಿಯೋ ಎಂಬ ಸ್ಥಪತಿಯಿಂದ ಫಿರಂಗಿಯ ಯುದ್ಧಕ್ಕೆ ತಕ್ಕಂತೆ ದಪ್ಪನಾದ ದುಂಡು ಗೋಪುರಗಳೊಡನೆ ಪುನಃ ಕಟ್ಟಿಸಿದನು. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸನು ಗಾಲಿಗಳ ಮೇಲಿನ ಫಿರಂಗಿಗಳೊಡನೆ ಇಟಲಿಗೆ ನುಗ್ಗಿದ ಮೇಲೆ ಅಲ್ಲಿಯ ಕೋಟೆಗಳ ಗೋಡೆಗಳು ತಗ್ಗಾದುವು, ದಪ್ಪವಾದುವು. ದಖ್ಖನಿನವರಾದರೋ ಎತ್ತರವನ್ನು ಬಿಟ್ಟುಕೊಡಲಿಲ್ಲ. ವಿಜಾಪುರದ ಉಪ್ಪಲಿ ಬುರುಜಿನಂತೆ ಎತ್ತರದ ಮೇಲೆ ಉದ್ದನೆಯ ಫಿರಂಗಿಯನ್ನಿಟ್ಟು ದೂರದ ಗುರಿಯನ್ನು ನೋಡಿದರು. ಸಾನ್ ಲಿಯೋದ ಪುನರ್ನಿರ್ಮಾಣವು ಇಟಲಿಯದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ, ಅದರ ಹಳೆಯ ಭಾಗವೂ ಹೊಸ ಭಾಗವೂ ಒಂದೇ ದುರ್ಗದ ಚರಿತ್ರೆ. ಮುದಗಲ್ಲಿನ ವಿಷಯದಲ್ಲಿಯೂ ಹಾಗೆಯೇ ಭಾವಿಸಬೇಕು. ಇದು ಹಿಂದೂಗಳ ಕೋಟೆಯೋ ಮುಸಲ್ಮಾನರ ಕೋಟೆಯೋ ಎಂಬ ಪ್ರಶ್ನೆಯು ತರಗತಿಗಳಲ್ಲಿ ಕೇಳಿಬರುವುದುಂಟು. ಶಿಲೆಯು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಯಾವ ಕಲ್ಲು ಬಿಲ್ಲಿನ ಕಾಲದ್ದು, ಯಾವುದು ಫಿರಂಗಿಯ ಕಾಲದ್ದು ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಹಳೆಯ ತೊಲೆಗೆ ಆಧಾರ ಕೊಟ್ಟು ನಿಲ್ಲಿಸಿದವನು ಹಿಂದಿನವನ ಕೆಲಸವನ್ನು ತನ್ನದೆಂದೇ ಎಣಿಸಿದ್ದನು.

ಅಕ್ಕಸಾಲಿಗನ ಮಗಳ ಕಥೆಯನ್ನು ಏನು ಮಾಡುವುದು? ಕನ್ಯೆಯ ರೂಪಶ್ರವಣದಿಂದ ಅನುರಾಗ, ಅದಕ್ಕೆ ಬ್ರಾಹ್ಮಣನ ದೌತ್ಯ, ಅದರಿಂದ ಯುದ್ಧ: ಕಾವ್ಯಗಳನ್ನು ಓದಿದವರಿಗೆ ಈ ಸರಣಿಯು ಅಪರಿಚಿತವಲ್ಲ. ಎಡೆದೊರೆಯ ಬೆಳೆಗೂ ಚಿನ್ನಕ್ಕೂ ನಡೆದ ಯುದ್ಧಕ್ಕೆ ಕಥೆಗಾರರು ಒಬ್ಬ ನಾಯಿಕೆಯನ್ನು ಒದಗಿಸಿದ್ದಾರೆಂದು ತೋರುತ್ತದೆ. ಆದರೂ ಕಥೆಯನ್ನು ಪೂರ್ತಿಯಾಗಿ ಎಸೆಯಬೇಕಾದುದಿಲ್ಲ. ಮುದಗಲ್ಲೆಂದೊಡನೆ ಅಕ್ಕಸಾಲಿಗನನ್ನು ನೆನೆಯುವುದು ಚಿನ್ನದ ಗಣಿಗಳಿರುವ ಸೀಮೆಯ ಊರಿಗೆ ಸಹಜವಾಗಿದೆ. ಸೈನ್ಯವು ಬರುವ ಸುದ್ದಿಯಿಂದ ಊರವರು ಮನೆಮಠ ಬಿಟ್ಟು ಓಡಿದರೆಂಬ ಭಾಗವೂ ಸಹಜವೇ; ಗಡಿಯ ಕೋಟೆಯ ನೆರಳಿನಲ್ಲಿದ್ದವರ ಪಾಡನ್ನು ರಾಜರ ಚರಿತ್ರೆಯಲ್ಲಿ ಹೇಳುವ ವಾಕ್ಯಗಳು ಅಪರೂಪ. ಕೋಟೆಯು ಕೈಬದಲಾದಾಗಲೆಲ್ಲ ಊರು ಮತ್ತೆ ನೆಲೆಗೊಂಡಿತು. ಇಂದು ಮುದಗಲ್ಲಿನ ಮೊಹರಮ್ಮಿಗೆ ಸುತ್ತಣ ಹಳ್ಳಿಗಳ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನೆರೆಯುತ್ತಾರೆ. ಹಳೆಯದಾದ ಒಂದು ರೋಮನ್ ಕ್ಯಾಥೊಲಿಕ್ ಸಭೆಯೂ ಆ ಊರಿನಲ್ಲಿದೆ.

ಕಡೆಗೆ ಒಂದು ವಿಜ್ಞಾಪನೆ. ತಾಳೆಯೋಲೆಯ ಪ್ರತಿಯೊಂದನ್ನು ಮುದ್ರಿಸುವಾಗ ಪ್ರಕ್ಷಿಪ್ತವನ್ನೂ ಮೂಲವನ್ನೂ ಒಂದೇ ಅಚ್ಚಿನಲ್ಲಿ ಬೆರೆಸಿಬಿಟ್ಟರೆ ಮುಂದಿನವರಿಗೆ ಪಾಠಶೋಧನೆಯು ಅಸಾಧ್ಯವಾಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ಆಗುವುದೂ ಇದೇ: ಕಲ್ಲಿನ ವರಸೆ, ಸಂದು, ಉಳಿಯ ಗುರುತು ಎಲ್ಲವೂ ಮುಚ್ಚಿಹೋಗಿ, ಎರಡು ಕೈಗಳನ್ನು ಬೇರ್ಪಡಿಸುವ ಸಾಧನವೇ ಇಲ್ಲವಾಗುತ್ತದೆ. ಬಿದ್ದ ಕಲ್ಲನ್ನು ಎತ್ತಿ ಕೊಂಡೊಯ್ದು ಮನೆಗೆ ಹಾಕಿಕೊಂಡರೂ ಫಲವು ಒಂದೇ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಿದ್ಯಾಲಯಗಳಲ್ಲಿರುವ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಮುದಗಲ್ಲಿಗೆ ಕರೆದೊಯ್ದು, ಒಂದೊಂದು ವರ್ಷ ಒಂದೊಂದು ಬುರುಜನ್ನಾದರೂ ಅಳೆದು, ಎಲ್ಲಿ ಗಾರೆಯಿದೆ, ಎಲ್ಲಿ ಇಲ್ಲ, ಎಲ್ಲಿ ತೊಲೆ, ಎಲ್ಲಿ ಕಮಾನು ಎಂದು ನಕ್ಷೆಯೊಡನೆ ಬರೆದಿಟ್ಟಲ್ಲಿ, ಹತ್ತು ವರ್ಷಗಳಲ್ಲಿ ಕೋಟೆಯ ಶುದ್ಧಪ್ರತಿಯೊಂದು ಸಿದ್ಧವಾದೀತು. ಅದು ಸಿದ್ಧವಾದ ದಿನ ನಾವು ಮೇಲೆ ಅನುಮಾನದಿಂದ ಹೇಳಿದ ಅಂಶಗಳು ಪ್ರತ್ಯಕ್ಷದಿಂದ ದೃಢವಾಗಬಹುದು, ಇಲ್ಲವೆ ಬಾಧಿತವಾಗಬಹುದು. ಎರಡರಲ್ಲಿ ಯಾವುದಾದರೂ ಶಾಸ್ತ್ರಕ್ಕೆ ಲಾಭವೇ.